ಕರಡಿಯ ಊಟದಲ್ಲಿ ಅಳಿಯನನ್ನು ಬಿಟ್ಟಂತೆ

ದರೋಜಿಯ ಕರಡಿಧಾಮಕ್ಕೆ ನನ್ನನ್ನು ಕರೆದೊಯ್ದವರು ಹೊಸಪೇಟೆಯ ನಮ್ಮ ಮಾವನವರು. ನಿವೃತ್ತ ಕನ್ನಡ ಮೇಷ್ಟರು. ಬೆಳಿಗ್ಗೆಯೆಲ್ಲ ಹಂಪಿಯ ಬಿಸಿಲಿನಲ್ಲಿ ಸುತ್ತಿ, ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ ಬಿಗಿದು, ಮೂರು ಗಂಟೆಗೆ ವೀಕ್ಷಣಾ ಗೋಪುರ ಹತ್ತಿದ ನನ್ನ ಕಣ್ಣಲ್ಲಿ ತುಂಬಿದ್ದುದು ನಿದ್ದೆಯೊಂದೇ.

ಸರ್ಕಾರ 1994ರಲ್ಲಿ ಕರಡಿಗಳಿಗೆಂದೇ ಮೀಸಲಿಟ್ಟ ಕಾಡು ಇದು. ಎದುರಿನ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಸವರಿ ಬರುತ್ತಾರೆ. ಇಳಿಹೊತ್ತಿಗೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ಕುತ್ತವೆ. ಅಲ್ಲಿನ ಬಂಡೆಗಳೋ, ಒಂದೊಂದೂ ಮುದುರಿ ಕೂತ ಕರಡಿಯಂತೆಯೇ. ಅರ್ಧ ಗಂಟೆಯಲ್ಲಿ ನಾನು ಮೂರು ಸಲ "ಅಗೋ ಕರಡಿ!" ಎಂದೆ. ಮೂರನೆಯ ಸಲ ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗಿ ಕರುಣೆಯಿಂದ, "ಅಂಕಲ್, ಅದು ಕಲ್ಲು" ಎಂದಳು. ಆಮೇಲೆ ನಾನು ಮಾತಾಡಲಿಲ್ಲ, ತೂಕಡಿಸಿದೆ.

"ಗೊರಕೆ ಕೇಳಿಸುತ್ತಿದೆ" ಎಂದು ಹೆಂಡತಿ ಮೊಣಕೈಯಿಂದ ತಿವಿದಳು. ಮಾವನವರು ಜುಬ್ಬದ ಜೇಬಿನಿಂದ ನಶ್ಯದ ಡಬ್ಬಿ ತೆಗೆದರು. "ಒಂದು ಚಿಟಿಕೆ ಏರಿಸಿ, ಅಳಿಯಂದಿರೇ. ನಿದ್ದೆ ತುಂಗಭದ್ರೆಯ ಆಚೆ ದಡಕ್ಕೆ ಓಡುತ್ತದೆ." ಮಾವ ಕೊಟ್ಟದ್ದನ್ನು ಬೇಡವೆನ್ನುವುದುಂಟೇ? ಏರಿಸಿದೆ.

ಅದೇ ಗಳಿಗೆಗೆ ಎಡಗಡೆಯ ಒಂದು ಕಲ್ಲು ಎದ್ದು ನಡೆಯತೊಡಗಿತು.

ತಾಯಿ ಕರಡಿ. ಬೆನ್ನ ಮೇಲೆ, ಕೆದರಿದ ಕೂದಲನ್ನು ಭದ್ರವಾಗಿ ಹಿಡಿದು ಎರಡು ಮರಿಗಳು, ಸೀಟು ಸಿಕ್ಕ ಪ್ರಯಾಣಿಕರ ಗತ್ತಿನಲ್ಲಿ. ಬಂಡೆಯ ಸುತ್ತ ಆಗಲೇ ನವಿಲುಗಳೂ ಕಾಡುಹಂದಿಗಳೂ ಪಂಕ್ತಿಗೆ ಕೂತಿದ್ದವು. ತಾಯಿ ಬರುತ್ತಲೇ ಹಂದಿಗಳು ಎದ್ದು ಜಾಗ ಬಿಟ್ಟವು. ಪಕ್ಕದಲ್ಲಿದ್ದ ಕಾವಲುಗಾರರು ಪಿಸುಮಾತಿನಲ್ಲಿ ವಿವರಿಸುತ್ತಿದ್ದರು: ಇದಕ್ಕೆ ಮೇಲ್ದವಡೆಯ ಮುಂದಿನ ನಡುವಿನ ಎರಡು ಹಲ್ಲೇ ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ, ಆ ಸದ್ದು ದೂರದವರೆಗೂ ಕೇಳುತ್ತದೆ. ಮಾವನವರು ಬಸಿಯಲ್ಲಿ ಚಹಾ ಹೀರುವುದನ್ನು ಹನ್ನೆರಡು ವರ್ಷ ಕೇಳಿದ ನನಗೆ ಇದು ಕಲ್ಪಿಸಿಕೊಳ್ಳಲು ಕಷ್ಟವಾಗಲಿಲ್ಲ. "ಹುತ್ತಕ್ಕೆ ಮೂತಿ ಹಾಕುವಾಗ ಧೂಳು, ಗೆದ್ದಲು ಒಳಗೆ ಹೋಗದಂತೆ ಮೂಗಿನ ಹೊಳ್ಳೆಗಳನ್ನೂ ಮುಚ್ಚಿಕೊಳ್ಳುತ್ತದೆ, ಸಾರ್" ಎಂದರು.

ಆ ಸೌಲಭ್ಯವನ್ನು ದೇವರು ಕರಡಿಗೆ ಕೊಟ್ಟು ನನಗೇಕೆ ಕೊಡಲಿಲ್ಲ ಎಂಬುದು ನನ್ನ ಅಂದಿನ ತಕರಾರು. ಏಕೆಂದರೆ ಅಷ್ಟರಲ್ಲಿ ನಶ್ಯ ಮೂಗಿನ ನೆತ್ತಿ ತಲುಪಿತ್ತು. ಎರಡೂ ಕೈಯಿಂದ ಮೂಗು ಹಿಡಿದೆ, ಉಸಿರು ಕಟ್ಟಿದೆ, ಕಣ್ಣಲ್ಲಿ ನೀರು ಬಂತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕರಡಿಗಿಂತ ನಾನೇ ಸ್ವಾರಸ್ಯವಾಗಿ ಕಂಡೆನೇನೋ.

ಸೀನಿದೆ.

ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಅದರ ವ್ಯವಹಾರವೆಲ್ಲ ಮೂಗಿನಲ್ಲೇ. ಅದು ನೆಕ್ಕುತ್ತಲೇ ಇತ್ತು. ಆದರೆ ನವಿಲುಗಳು ಕಿವಿ ಕೊಟ್ಟು ಕೂತವು. ಒಂದು ಕೂಗಿತು, ಉಳಿದವು ರೆಕ್ಕೆ ಬಡಿದು ಹಾರಿದವು, ಹಂದಿಗಳು ಬಾಲ ನಿಗುರಿಸಿ ಪೊದೆಗೆ ನುಗ್ಗಿದವು. ಪಂಕ್ತಿಯೇ ಎದ್ದ ಮೇಲೆ ತಾಯಿಯೂ ತಲೆ ಎತ್ತಿ ಗಾಳಿ ಮೂಸಿತು. ಗೋಪುರದಲ್ಲಿ ಎಲ್ಲರೂ ಕಲ್ಲಾಗಿ ನಿಂತರು. ಇನ್ನು ಸದ್ದಾಗದಿದ್ದರೆ ಅದು ಮತ್ತೆ ಊಟಕ್ಕೆ ಕೂರುತ್ತಿತ್ತು.

ಮಾವನವರು ಮಾತ್ರ ಕಳವಳದಿಂದ ನನ್ನ ಭುಜ ಹಿಡಿದರು. "ಒಂಟಿ ಸೀನು ಅಪಶಕುನ, ಅಳಿಯಂದಿರೇ. ಇನ್ನೊಂದು ಸೀನಿಬಿಡಿ."

"ಅಪ್ಪಾ, ಸುಮ್ಮನಿರಿ!" ಎಂದಳು ಹೆಂಡತಿ. ಕಾವಲುಗಾರರು ಕೈ ಮುಗಿದರು. ಆದರೆ ನಶ್ಯ ಮಾವನವರ ಪಕ್ಷದಲ್ಲಿತ್ತು. ಎರಡನೆಯದು ಮೊದಲಿನದಕ್ಕಿಂತ ಗಟ್ಟಿಯಾಗಿ ಬಂತು. ಮರಿಗಳು ಬೆನ್ನೇರಿದವು, ತಾಯಿ ಗುಡ್ಡ ಹತ್ತಿತು. "ಈಗ ಸರಿಹೋಯಿತು" ಎಂದು ಮಾವನವರು ಡಬ್ಬಿ ಮುಚ್ಚಿದರು.

ಕಮಲಾಪುರ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ, "ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು" ಎಂದು ನಗಿಸಲು ನೋಡಿದೆ.

ಮೇಷ್ಟರು ಎಚ್ಚೆತ್ತರು. "ಅದು ಕರಡಿಯಲ್ಲ, ಕರಡೆ. ಪೂಜೆಯಲ್ಲಿ ಬಾರಿಸುವ ಚರ್ಮವಾದ್ಯ. ಪೂಜೆ ಕೆಡಿಸಿದ ಅಪವಾದ ಪಾಪ ಕರಡಿಯ ತಲೆಗೆ ಸುಮ್ಮನೆ ಬಂತು" ಎಂದು, ಮುಂದಿನ ಸೀಟಿನಿಂದ ತಿರುಗಿ, ನನ್ನ ಮೂಗನ್ನೇ ನೋಡಿದರು.