ಅಡ್ವಾನ್ಸ್ ತಗೊಳ್ಳೋಕೂ ಲೈಸೆನ್ಸ್ ಬೇಕು

"ನಮ್ಮೋರೇ ಅಲ್ವಾ ನೀವು, ಬಿಲ್ಲು ಗಿಲ್ಲು ಎಲ್ಲ ಯಾಕೆ?"

ಕೆನಡಾದ ಕ್ಯಾಲ್ಗರಿಯ ಹೊಸ ಬಡಾವಣೆಯೊಂದರಲ್ಲಿ, ಮನೆ ಹಿಂದಿನ ಬರಿ ಮಣ್ಣಿನ ಜಾಗ ತೋರಿಸುತ್ತಾ ಯಜಮಾನರು ಕೇಳಿದರು. ಮೈಸೂರು ಕಡೆಯವರು. ಒಳ್ಳೆ ಕಾಫಿ ಕೊಟ್ಟಿದ್ದರು, ಜೊತೆಗೆ ಕೋಡುಬಳೆ. ಅವರಿಗೆ ಬೇಕಿದ್ದದ್ದು ಕಲ್ಲು ಹಾಸಿದ ಒಂದು ಕಟ್ಟೆ, ಒಂದಿಷ್ಟು ಹುಲ್ಲು, ಬೇಲಿ ಪಕ್ಕಕ್ಕೆ ನಾಲ್ಕು ಗಿಡ. ಹೀಗೆ ಮನೆಗಳಿಗೆ ತೋಟ, ಅಂಗಳ ಮಾಡಿಕೊಡುವುದೇ ನನ್ನ ಕಸುಬು. ಎಸ್ಟಿಮೇಟ್ ಮುಂದಿಟ್ಟೆ. ಅವರು ಕೊನೆಯಲ್ಲಿದ್ದ ಶೇ. 5 ಜಿಎಸ್‌ಟಿ ಮೇಲೆ ಬೆರಳಿಟ್ಟು, "ಇದನ್ನ ಬಿಟ್ಬಿಡಿ, ಕ್ಯಾಶ್ ಕೊಡ್ತೀನಿ. ಅಗ್ರಿಮೆಂಟೂ ಬೇಡ, ನಂಬಿಕೆ ಮೇಲೆ ಮಾಡೋಣ" ಅಂದರು. ಇವರ ಮನೆಗೆ ಬಿಸಿಗಾಳಿಯ ಫರ್ನೇಸ್ ಹಾಕಿಕೊಟ್ಟ ಬಿಳಿಯನ ಹತ್ತಿರ ಹೀಗೆ ಕೇಳಿದ್ದರಾ? ಕೇಳಿರುವುದಿಲ್ಲ. ಕೋಡುಬಳೆ ತಿಂದೆ, ಕೆಲಸ ಬೇಡ ಅಂದೆ.

ಶೇ. 5ಕ್ಕಾಗಿ ಬೇಜಾರಾಗಲಿಲ್ಲ. ಆ ಕಾಗದವನ್ನು ಅವರು ಸುಮ್ನೆ ಒಂದು ತಲೆನೋವು ಅಂದುಕೊಂಡರಲ್ಲ, ಅದಕ್ಕೆ ಬೇಜಾರು. ಕ್ಯಾಲ್ಗರಿ ಇರುವ ಈ ಆಲ್ಬರ್ಟಾ ಪ್ರಾಂತ್ಯದಲ್ಲಿ ಗಿರಾಕಿ ಮನೆಗೇ ಹೋಗಿ ಒಪ್ಪಂದ ಮಾಡಿಕೊಂಡು, ಕೆಲಸ ಮುಗಿಯುವ ಮೊದಲೇ ದುಡ್ಡು ತಗೊಳ್ಳುವ ಕಂಟ್ರಾಕ್ಟರ್‌ಗೆ ಸರ್ಕಾರದ ಲೈಸೆನ್ಸ್ ಇರಲೇಬೇಕು. ಹೌದು, ಅಡ್ವಾನ್ಸ್ ಈಸ್ಕೊಳ್ಳುವುದಕ್ಕೆ ಲೈಸೆನ್ಸ್! ಅದನ್ನು ಕೊಡುವ ಮುಂಚೆ ಹಣದ ಭದ್ರತೆ ಕೇಳುತ್ತಾರೆ. ನಾಳೆ ನಾನು ದುಡ್ಡು ಜೇಬಿಗಿಳಿಸಿ ಮಾಯವಾದರೆ ಗಿರಾಕಿ ಅದರಿಂದ ಪರಿಹಾರ ಕೇಳಬಹುದು. ಒಪ್ಪಂದದ ಪ್ರತಿ ಕೈಗೆ ಬಂದ ಮೇಲೆ 10 ದಿನದೊಳಗೆ, ಮನಸ್ಸು ಬದಲಾಯಿತು ಅಂತ ರದ್ದು ಮಾಡಬಹುದು. ಕಾರಣ ಹೇಳಬೇಕಾಗಿಲ್ಲ.

ಈಗ ತುಮಕೂರಿಗೆ ಬನ್ನಿ. ನಮ್ಮಣ್ಣ ಮನೆ ಕಟ್ಟಿಸಿದ. ಗೃಹಪ್ರವೇಶ ಮುಗಿಯಿತು, ಕಾಂಪೌಂಡು ಮತ್ತು ಅಂಗಳದ ಇಂಟರ್‌ಲಾಕ್ ಮಾತ್ರ ಬಾಕಿ. ಮೇಸ್ತ್ರಿ ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ತಗೊಂಡ. ಕಾಂಪೌಂಡು ಎದ್ದಿತು, ಆಮೇಲೆ ಆಸಾಮಿ ಪತ್ತೆ ಇಲ್ಲ. ನೋಡಿದರೆ ಹಿಂದಿನ ಬೀದಿಯಲ್ಲೇ ಇನ್ನೊಬ್ಬರ ಪಾಯ ತೆಗೆಯುತ್ತಿದ್ದಾನೆ, ಅವರ ಅಡ್ವಾನ್ಸ್ ತಗೊಂಡು. ಫೋನ್ ಮಾಡಿದರೆ "ಹುಡುಗ್ರು ಹಬ್ಬಕ್ಕೆ ಊರಿಗೆ ಹೋಗವ್ರೆ ಸಾರ್". ಯುಗಾದಿ ಆಯಿತು, ಆಷಾಢ ಬಂತು, ಗಣೇಶ ಕೂತು ನೀರಿಗೂ ಹೋದ. ಪಿತೃಪಕ್ಷದಲ್ಲಿ ಅವನು ಕರೆದರೂ ಬರುವುದಿಲ್ಲ, ಅಣ್ಣ ಕರೆಯುವುದೂ ಇಲ್ಲ.

ನಮ್ಮಲ್ಲಿ ಇದು ನಡೆಯುತ್ತದೆ, ಯಾಕೆಂದರೆ ತಡವಾದರೆ ಏನೂ ಕೆಡುವುದಿಲ್ಲ. ಜನವರಿಯಲ್ಲಿ ಅಗೆದರೂ ಅದೇ ಮಣ್ಣು, ಜುಲೈನಲ್ಲಿ ಅಗೆದರೂ ಅದೇ ಮಣ್ಣು. ಕ್ಯಾಲ್ಗರಿಯಲ್ಲಿ ಹಾಗಲ್ಲ. ಮೇ ತಿಂಗಳ ವಿಕ್ಟೋರಿಯಾ ಡೇ ರಜೆ ಕಳೆಯುವ ತನಕ ಎಳೆ ಸಸಿ ಹೊರಗಿಡಲು ಇಲ್ಲಿನವರು ಹೆದರುತ್ತಾರೆ. ಅಕ್ಟೋಬರ್‌ಗೆ ಸ್ಪ್ರಿಂಕ್ಲರ್ ಪೈಪಿನೊಳಗಿನ ನೀರನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಪೈಪೇ ಸೀಳುತ್ತದೆ. ಆಮೇಲೆ ನೆಲ ಗುದ್ದಲಿಗೆ ಬಗ್ಗುವುದಿಲ್ಲ. ಇಡೀ ವರ್ಷದ ತೋಟದ ಕೆಲಸ ಐದಾರು ತಿಂಗಳಲ್ಲಿ ಮುಗಿಯಬೇಕು. ನಾನು "ನಾಳೆ ಬರ್ತೀನಿ" ಅಂದರೆ ಆ ನಾಳೆ ಮುಂದಿನ ಬೇಸಿಗೆಗೂ ಹೋಗಬಹುದು.

ಅಂಗಳಕ್ಕೆ ಕಲ್ಲು ಹಾಸುವುದನ್ನೇ ನೋಡಿ. ಅಣ್ಣನ ಬೀದಿಯಲ್ಲಿ ಮಣ್ಣು ಮಟ್ಟ ಮಾಡಿ, ಎಂ-ಸ್ಯಾಂಡ್ ಹರಡಿ, ಟೈಲ್ಸ್ ಕೂರಿಸಿ ಸಂಜೆಗೆ ದುಡ್ಡು ಎಣಿಸುತ್ತಾರೆ. ಮೊದಲ ಮಳೆಗೆ ಗೇಟಿನ ಹತ್ತಿರ ಗುಂಡಿ, ಅದರಲ್ಲಿ ನೀರು, ಆ ನೀರಲ್ಲಿ ಸೊಳ್ಳೆ. ಅದೇ ಕೆಲಸ ಇಲ್ಲಿ ಮಾಡಿದರೆ ಒಂದು ಚಳಿಗಾಲ ಸಾಕು. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲನ್ನು ಎತ್ತಿ ಒಗೆಯುತ್ತದೆ. ಸಾಲದ್ದಕ್ಕೆ ಈ ಊರಿಗೆ ಶಿನೂಕ್ ಅಂತ ಒಂದು ಬಿಸಿ ಗಾಳಿ ಬರುತ್ತದೆ, ರಾಕಿ ಬೆಟ್ಟಗಳನ್ನು ಇಳಿದು. ಬೆಳಿಗ್ಗೆ ಮೈನಸ್ 15 ಇದ್ದದ್ದು ಸಂಜೆಗೆ ಪ್ಲಸ್ 8. ನಟ್ಟನಡು ಜನವರಿಯಲ್ಲಿ ಹಿಮ ಕರಗುತ್ತದೆ, ಎರಡು ದಿನಕ್ಕೆ ಮತ್ತೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಮೊದಲು ಅಗೆದು, ಹದಿನೈದಿಪ್ಪತ್ತು ಸೆಂಟಿಮೀಟರ್ ಜಲ್ಲಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಟ್ಟು, ಆಮೇಲೆ ಕಲ್ಲು. ಗಾಡಿ ನಿಲ್ಲುವ ಜಾಗವಾದರೆ ಇನ್ನೂ ಆಳ. ಖರ್ಚೆಲ್ಲ ಹೋಗುವುದು ಕಣ್ಣಿಗೆ ಕಾಣದ ಆ ಜಲ್ಲಿಗೆ. "ಕಲ್ಲಿಗೆ ಇಷ್ಟೊಂದಾ?" ಅಂತ ಕೇಳುವವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

ಅಗೆಯುವ ಮುಂಚೆ ಯುಟಿಲಿಟಿಯವರಿಗೆ ತಿಳಿಸಬೇಕು. ಅವರು ಬಂದು, ನೆಲದಡಿ ಪೈಪು, ತಂತಿ ಹೋಗಿರುವ ಕಡೆ ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆಯುತ್ತಾರೆ: ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು, ನೀರಿಗೆ ನೀಲಿ. ಆ ಗೆರೆ ಬೀಳುವ ತನಕ ಹಾರೆ ಮುಟ್ಟುವಂತಿಲ್ಲ. ದುಡ್ಡು ತಗೊಂಡು ಬೇರೆಯವರ ಹುಲ್ಲಿಗೆ ಕಳೆನಾಶಕ ಹೊಡೆಯಲು ಇನ್ನೊಂದು ಸರ್ಟಿಫಿಕೇಟ್. ಎಲ್ಮ್ ಮರದ ಕೊಂಬೆಯನ್ನು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಡಿಯುವ ಹಾಗಿಲ್ಲ. ಹಸಿ ಗಾಯದ ವಾಸನೆಗೆ ಬರುವ ದುಂಬಿ ಮರ ಕೊಲ್ಲುವ ಶಿಲೀಂಧ್ರ ತರುತ್ತದೆ ಅಂತ. ನಮ್ಮಲ್ಲೂ ಮರ ಉಳಿಸುವ ಕಾಯ್ದೆ 1976ರಿಂದ ಇದೆ. ಆದರೆ ಅಂಗಡಿ ಬೋರ್ಡು ಕಾಣಲ್ಲ ಅಂತ ಹೊಂಗೆ ಮರದ ಬುಡಕ್ಕೆ ಆಸಿಡ್ ಸುರಿಯುವವರು ಅದನ್ನು ಓದಿಲ್ಲ.

ಈ ಕಸುಬಿಗೆ ಇಲ್ಲಿ ಅಪ್ರೆಂಟಿಸ್‌ಶಿಪ್ ಇದೆ, ಕ್ಲಾಸುಗಳಿವೆ, ಪಾಸಾದವರಿಗೆ ಕೆನಡಾದ ಯಾವ ಪ್ರಾಂತ್ಯದಲ್ಲೂ ನಡೆಯುವ ರೆಡ್ ಸೀಲ್ ಮುದ್ರೆ ಇದೆ. ಎಲೆಕ್ಟ್ರಿಷಿಯನ್‌ಗೆ ಸಿಗುವ ಅದೇ ಮುದ್ರೆ. ಊರಿಗೆ ಹೋದಾಗ ನೆಂಟರು "ಅಂದ್ರೆ ಮಾಲಿ ಕೆಲಸ" ಅಂತ ಮುಗಿಸುತ್ತಾರೆ. ಲಾಲ್‌ಬಾಗ್ ಇರುವ ನಾಡಿನವರು ಹೀಗನ್ನುತ್ತಾರಲ್ಲ ಅಂತ ಸಿಟ್ಟು ಬರುತ್ತದೆ. ಚಳಿಗಾಲದಲ್ಲಿ ನಾನು ಮಾಡುವುದು ಹಿಮ ಬಾಚುವ ಕೆಲಸ ಅಂತ ಅವರಿಗೆ ಹೇಳಿಲ್ಲ. ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿ ತೆರವಾಗಿರಬೇಕು ಅನ್ನುವುದು ಈ ಊರಿನ ನಿಯಮ. ಅದರಿಂದಲೇ ಫೆಬ್ರವರಿಯಲ್ಲಿ ನಮ್ಮ ಮನೆ ಒಲೆ ಉರಿಯುವುದು.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು, ಇಷ್ಟವಿಲ್ಲದಿದ್ದರೂ. ನನ್ನ ಅಗ್ರಿಮೆಂಟಿನಲ್ಲಿ ಗಿರಾಕಿಯನ್ನು ಕಾಯುವ ಸಾಲುಗಳಿರುವಷ್ಟೇ ನನ್ನನ್ನು ಕಾಯುವ ಸಾಲುಗಳೂ ಇವೆ. 2014ರ ಸೆಪ್ಟೆಂಬರ್ ಎರಡನೇ ವಾರ ಕ್ಯಾಲ್ಗರಿಯಲ್ಲಿ ಹಿಮ ಸುರಿಯಿತು. ಮರಗಳಲ್ಲಿ ಎಲೆ ಇನ್ನೂ ಹಸಿರು, ಆ ಭಾರಕ್ಕೆ ಊರ ತುಂಬ ಕೊಂಬೆಗಳು ಮುರಿದವು. ಅಂಥದ್ದಕ್ಕೆಲ್ಲ ಹೊಣೆಯಲ್ಲ ಅಂತ ನಾನು ಬರೆದಿಟ್ಟಿದ್ದೇನೆ. ಗಿಡಕ್ಕೆ ವಾರಂಟಿ ಒಂದು ವರ್ಷ. ಒಬ್ಬ ಅಜ್ಜಿಯ ಸ್ಪ್ರೂಸ್ ಎರಡನೇ ಚಳಿಗಾಲದಲ್ಲಿ ಒಣಗಿತು. ಹೊಸದು ನೆಟ್ಟುಕೊಟ್ಟೆ, ಬಿಲ್ಲೂ ಕೊಟ್ಟೆ. ಅಜ್ಜಿ ಥ್ಯಾಂಕ್ಸ್ ಹೇಳಿ ಚೆಕ್ ಬರೆದರು. ಕಾಗದದ ಪ್ರಕಾರ ಎಲ್ಲ ಸರಿ.

ಹೋದ ಮಳೆಗಾಲದಲ್ಲಿ ತುಮಕೂರಿನಲ್ಲಿ ಒಂದು ರಾತ್ರಿ ಜೋರು ಮಳೆ. ಅಣ್ಣನ ಕಾಂಪೌಂಡು ಪಕ್ಕದ ಮನೆ ಕಡೆಗೆ ವಾಲಿತು. ಫೋನ್ ಮಾಡಿ ಅರ್ಧ ಗಂಟೆಯಾಗಿಲ್ಲ, ಆ ಮೇಸ್ತ್ರಿ ಇಬ್ಬರು ಹುಡುಗರನ್ನು ಕಟ್ಟಿಕೊಂಡು, ತಲೆಗೆ ಗೋಣಿಚೀಲ ಹಾಕಿಕೊಂಡು ಬಂದ. ಸರ್ವೆ ಮರದ ಗಳ ಕೊಟ್ಟು ಗೋಡೆ ನಿಲ್ಲಿಸಿದ. ಬೆಳಗಿನ ಜಾವ ಅತ್ತಿಗೆ ಕೊಟ್ಟ ಟೀ ಕುಡಿದು ಹೋದ. ದುಡ್ಡಿನ ಮಾತೇ ಎತ್ತಲಿಲ್ಲ. ನನ್ನ ಗಿರಾಕಿಗಳು ರಾತ್ರಿ ಫೋನ್ ಮಾಡಿದರೆ ವಾಯ್ಸ್‌ಮೇಲ್‌ಗೆ ಹೋಗುತ್ತದೆ.

ಇಂಟರ್‌ಲಾಕ್ ಮಾತ್ರ ಇನ್ನೂ ಹಾಕಿಲ್ಲ. ಅಡ್ವಾನ್ಸ್ ವಾಪಸ್ ಕೇಳು ಅಂತ ಪ್ರತಿ ಫೋನಿನಲ್ಲೂ ಹೇಳುತ್ತೇನೆ. "ಹೋಗ್ಲಿ ಬಿಡೋ, ಅವತ್ತು ಬಂದನಲ್ಲ" ಅನ್ನುತ್ತಾನೆ ಅಣ್ಣ. ಗೋಡೆ ವಾಲಿದ್ದೇ ಅವನು ಪಾಯ ಸರಿಯಾಗಿ ಹಾಕದೆ ಅಂತ ನಾನು ಹೇಳಿದರೆ ಫೋನ್ ಇಟ್ಟುಬಿಡುತ್ತಾನೆ.