ಹಳೆಯ ಎಸ್‌ಯುವಿಗೆ ಮನೆಯಲ್ಲೇ ಬಣ್ಣ: ಮೊದಲ ಸಲದವರು ಕೈ ಹಾಕಬಹುದೇ?

ಪರ: ರಬ್ಬರ್ ಪಟ್ಟಿಯ ಹಿಂದೆ ನೋಡುವವರು ಯಾರು?

ಹಿಂಬಾಗಿಲಿನ ಕೆಳ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಗುಳ್ಳೆಯೊಂದು ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬಣ್ಣದ ಸಿಪ್ಪೆ ಒಡೆದು ಕಂದು ಪುಡಿ ಉದುರಿತು. ಅಂಚಿನ ರಬ್ಬರ್ ಪಟ್ಟಿಯನ್ನು ಎಳೆದು ತೆಗೆದರೆ ಒಳಗೆ ಅಂಗೈ ಅಗಲದ ತುಕ್ಕು. ಅದರ ಮೂಲವೂ ಅಲ್ಲೇ ಇತ್ತು: ನೀರು ಇಳಿದುಹೋಗಲೆಂದು ಬಾಗಿಲಿನ ತಳದಲ್ಲಿ ಬಿಟ್ಟಿರುವ ಸಣ್ಣ ತೂತುಗಳು ಕೆಸರು ಕಟ್ಟಿ ಮುಚ್ಚಿಹೋಗಿದ್ದವು. ಪ್ರತಿ ಮಳೆಯಲ್ಲೂ ಗಾಜಿನ ಬದಿಯಿಂದ ಒಳಗಿಳಿದ ನೀರು ತಗಡಿನ ಮಡಿಕೆಯಲ್ಲಿ ನಿಂತು, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬಂದಿತ್ತು. ಗುಳ್ಳೆ ಹೊರಗೆ ಕಾಣುವ ಹೊತ್ತಿಗೆ ತುಕ್ಕಿನ ಕೆಲಸ ಮುಕ್ಕಾಲು ಮುಗಿದಿತ್ತು.

ನಾನು ಮನೆಯಲ್ಲೇ ಬಣ್ಣ ಹೊಡೆಯುವುದರ ಪರ ನಿಲ್ಲಲು ಆ ರಬ್ಬರ್ ಪಟ್ಟಿಯೇ ಕಾರಣ. ಬಣ್ಣ ಹೊಡೆಯುವುದೇ ಕಸುಬಾದವರಿಗೆ ಗಂಟೆಗಳ ಲೆಕ್ಕವಿರುತ್ತದೆ. ವಯಸ್ಸಾದ ಗಾಡಿಯನ್ನು ಪೂರ್ತಿ ಬಿಚ್ಚಿ ಜೋಡಿಸಿದರೆ ಅದರ ಕೂಲಿಯೇ ಗಾಡಿಯ ಬೆಲೆಯನ್ನು ಮೀರಬಹುದು. ಹಾಗಾಗಿ ರಬ್ಬರಿನ ಅಂಚಿಗೆ ಟೇಪ್ ಅಂಟಿಸಿ, ಹಿಡಿಕೆಗೆ ಕಾಗದ ಸುತ್ತಿ, ಕಣ್ಣಿಗೆ ಕಂಡಷ್ಟಕ್ಕೆ ಹೊಡೆದು ಕಳುಹಿಸುತ್ತಾರೆ. ಹೊಳಪೇನೋ ಬರುತ್ತದೆ. ಒಂದೆರಡು ಮಳೆಗಾಲ ಕಳೆಯಲಿ, ಟೇಪಿನ ಗೆರೆ ಎಲ್ಲಿತ್ತೋ ಅಲ್ಲಿಂದಲೇ ಸುಲಿಯಲು ಶುರುವಾಗುತ್ತದೆ. ಒಂದು ಬಾಗಿಲಿಗೆ ಮೂರು ಭಾನುವಾರ ಕೊಡುವ ಪುರಸೊತ್ತು ಮಾಲೀಕನಿಗಲ್ಲದೆ ಬೇರೆ ಯಾರಿಗೂ ಇರುವುದಿಲ್ಲ.

ಹಳೆಯ ಎಸ್‌ಯುವಿ ಹೊಸಬರ ಕೈಗೆ ಒಗ್ಗುವ ಗಾಡಿಯೂ ಹೌದು. ಬಾನೆಟ್, ಮುಂದಿನ ಫೆಂಡರ್‌ಗಳು, ನಾಲ್ಕು ಬಾಗಿಲು, ಹಿಂಬಾಗಿಲು ಎಲ್ಲವೂ ಬೋಲ್ಟಿನ ಮೇಲೆ ನಿಂತಿರುವ ಭಾಗಗಳು. ಒಂದೊಂದಾಗಿ ಬಿಚ್ಚಿ ಸ್ಟ್ಯಾಂಡಿನ ಮೇಲೆ ಮಲಗಿಸಿಕೊಂಡು ಕೆಲಸ ಮಾಡಬಹುದು. ಮಲಗಿದ ತಗಡಿನ ಮೇಲೆ ಬಣ್ಣ ಸೋರುವುದು ಕಡಿಮೆ. ಮೊದಲು ಬಾನೆಟ್ಟಿನ ಒಳಮೈಗೆ ಹೊಡೆಯಿರಿ. ಅಲ್ಲಿ ಕೆಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟರಲ್ಲಿ ಕೈಗೆ ಬಣ್ಣ ಸಿಂಪಡಿಸುವ ಗನ್ನಿನ ಹದ ಸಿಕ್ಕಿರುತ್ತದೆ. ಕಷ್ಟ ಕೊಡುವುದು ಛಾವಣಿ ಒಂದೇ. ಅಗಲ ಹೆಚ್ಚು, ಕೈ ನಡುವಿನವರೆಗೆ ನಿಲುಕುವುದಿಲ್ಲ, ಗಾಳಿಯ ಕೊಳವೆ ಜಾರಿ ಹಸಿ ಬಣ್ಣವನ್ನು ಸವರಿಕೊಂಡು ಹೋಗುತ್ತದೆ. ಕೊಳವೆಯನ್ನು ಬೆನ್ನ ಮೇಲಿಂದ ಹೆಗಲಿಗೆ ಹಾಕಿಕೊಂಡು, ಎರಡೂ ಬದಿಗೆ ಗಟ್ಟಿ ಹಲಗೆ ಇಟ್ಟುಕೊಂಡರೆ ಅದೂ ಆಗುತ್ತದೆ.

ಗನ್ ಹಿಡಿಯುವುದು ಈ ಕೆಲಸದ ಹತ್ತರಲ್ಲಿ ಒಂದು ಪಾಲು. ಉಳಿದದ್ದೆಲ್ಲ ತೊಳೆಯುವುದು ಮತ್ತು ಉಜ್ಜುವುದು. ಉಪ್ಪುಕಾಗದ ಮುಟ್ಟುವ ಮೊದಲೇ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಬೇಕು. ಇಲ್ಲವಾದರೆ ಹಳೆಯ ಪಾಲಿಶಿನ ಸಿಲಿಕೋನ್ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಹೊಸ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಕುಳಿಗಳು ಬೀಳುತ್ತವೆ. ತುಕ್ಕಿಗೆ 80ರ ಉಪ್ಪುಕಾಗದ (ಅಂಕಿ ಚಿಕ್ಕದಾದಷ್ಟು ಕಾಗದ ಒರಟು), ಹೊಳೆಯುವ ಲೋಹ ಕಾಣುವವರೆಗೆ. ಬರಿಯ ತಗಡನ್ನು ರಾತ್ರಿಯಿಡೀ ಬಿಡದೆ ಅದೇ ದಿನ ಬಣ್ಣದ ಅಡಿಯ ಪದರವಾದ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ತಗ್ಗಿಗೆ ಪುಟ್ಟಿ, ಅದೂ ತೆಳುವಾಗಿ; ಮತ್ತು ಪುಟ್ಟಿಯನ್ನು ನೀರು ಹಾಕಿ ಉಜ್ಜಲೇಬಾರದು. ಅದು ಸ್ಪಂಜಿನ ಹಾಗೆ ನೀರು ಹೀರಿಕೊಂಡು ವರ್ಷದ ಮೇಲೆ ಗುಳ್ಳೆಯಾಗಿ ವಾಪಸು ಕೊಡುತ್ತದೆ. ಅದರ ಮೇಲೆ ಸಣ್ಣ ಗೀರುಗಳನ್ನು ತುಂಬುವ ದಪ್ಪ ಪ್ರೈಮರ್, ಪ್ರೈಮರಿನ ಮೇಲೆ ತೆಳ್ಳಗೆ ಕಪ್ಪು ಪುಡಿ ಸವರಿ ಉಜ್ಜುವುದು. ಕಪ್ಪು ಉಳಿದ ಕಡೆ ತಗ್ಗಿದೆ ಎಂದರ್ಥ. ಕಣ್ಣಿಗೆ ಕಾಣದ ತಗ್ಗನ್ನು ಈ ಉಪಾಯ ಬೆರಳಿಟ್ಟು ತೋರಿಸುತ್ತದೆ. ಕೊನೆಗೆ 400, 600ರ ಕಾಗದ.

ಆಮೇಲೆ ಗನ್. 1.3 ಮಿಲಿಮೀಟರಿನ ಮೂತಿ, ತಗಡಿನಿಂದ ಒಂದು ಗೇಣಿನಷ್ಟು ದೂರ, ಪ್ರತಿ ಎಳೆತವೂ ಹಿಂದಿನ ಎಳೆತದ ಅರ್ಧವನ್ನಾದರೂ ಮುಚ್ಚಬೇಕು. ಮಣಿಕಟ್ಟು ತಿರುಗಬಾರದು, ಇಡೀ ತೋಳು ಚಲಿಸಬೇಕು. ಕೋಟಿನಿಂದ ಕೋಟಿಗೆ ಹತ್ತು-ಹದಿನೈದು ನಿಮಿಷ ಬಿಡಬೇಕು. ಅವಸರಪಟ್ಟರೆ ಕೆಳಗಿನ ದ್ರಾವಕ ಮೇಲಿನ ಪದರವನ್ನು ಸೂಜಿಮೊನೆಯಷ್ಟು ತೂತು ಮಾಡಿಕೊಂಡು ಹೊರಬೀಳುತ್ತದೆ. ಮೊದಲ ಸಲಕ್ಕೆ ಮೆಟಾಲಿಕ್ ಬೇಡ. ಅದರಲ್ಲಿ ಅಲ್ಯೂಮಿನಿಯಂ ಚೂರುಗಳು ಒಂದೇ ದಿಕ್ಕಿಗೆ ಮಲಗದಿದ್ದರೆ ಬಾಗಿಲಿಗೊಂದು ಛಾಯೆ, ಫೆಂಡರಿಗೊಂದು ಛಾಯೆ ಕಾಣುತ್ತದೆ. ಬಿಳಿ, ತಿಳಿಕಂದು, ಹಸಿರಿನಂಥ ಸಾದಾ ಬಣ್ಣ ಆರಿಸಿಕೊಳ್ಳಿ.

ಕೆಟ್ಟರೇನು ಗತಿ ಎಂದು ಕೇಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಎಡಬಾಗಿಲಿನಲ್ಲಿ ಹಿಡಿಕೆಯ ಕೆಳಗೆ ಬಣ್ಣ ಕಣ್ಣೀರಿನಂತೆ ಇಳಿದು ನಿಂತಿತು. ಹಸಿಯಲ್ಲಿ ಒರೆಸಬೇಕೆಂದು ಕೈ ತುಡಿಯಿತು, ಮುಟ್ಟಲಿಲ್ಲ. ಒಂದು ವಾರ ಬಿಟ್ಟು, ಸಣ್ಣ ಗಟ್ಟಿ ತುಂಡಿಗೆ 1500ರ ಕಾಗದ ಸುತ್ತಿ, ಆ ಹನಿಯ ನೆತ್ತಿಯನ್ನಷ್ಟೇ ನೀರು ಹಾಕಿ ಉಜ್ಜಿದೆ. ಆಮೇಲೆ 2000, ಆಮೇಲೆ ಪಾಲಿಶ್. ಈಗ ಅದು ಎಲ್ಲಿತ್ತೆಂದು ನನಗೇ ಹುಡುಕಬೇಕು. ಕಿತ್ತಳೆ ಸಿಪ್ಪೆಯಂಥ ಒರಟೂ ಇದೇ ದಾರಿಯಲ್ಲಿ ಹೋಗುತ್ತದೆ. ಬಣ್ಣದ ಕೆಲಸದಲ್ಲಿ ತಾಳ್ಮೆಯಿದ್ದವರಿಗೆ ತಿದ್ದಲಾಗದ ತಪ್ಪು ಬಹಳ ಕಡಿಮೆ.

ಜೋಡಣೆಗೆ ಹೆದರುವವರು ಬಿಚ್ಚುವ ದಿನವೇ ಅರ್ಧ ಜೋಡಿಸಿಟ್ಟುಕೊಳ್ಳಬಹುದು. ಒಂದು ಭಾಗಕ್ಕೆ ಒಂದು ಚೀಲ, ಚೀಲದ ಮೇಲೆ ಹೆಸರು, ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚಿದ ಮೇಲೆ ಇನ್ನೊಂದು. ಸಾಧ್ಯವಿದ್ದಲ್ಲಿ ಬೋಲ್ಟನ್ನು ಅದರ ತೂತಿಗೇ ನಾಲ್ಕು ಸುತ್ತು ತಿರುಗಿಸಿಟ್ಟರೆ ಕಳೆಯುವ ಮಾತೇ ಇಲ್ಲ. ಬಾಗಿಲು ಇಳಿಸುವ ಮೊದಲು ಕೀಲಿನ ಸುತ್ತ ಸೂಜಿಯಿಂದ ತೆಳ್ಳನೆಯ ಗೆರೆ ಗೀರಿಕೊಳ್ಳಿ. ವಾಪಸು ಕೂರಿಸುವಾಗ ಆ ಗೆರೆಗೆ ಕೀಲು ಬಂದು ನಿಂತರೆ ಸಂದು ಹೆಚ್ಚುಕಡಿಮೆ ಮೊದಲಿನಂತೆಯೇ ಬರುತ್ತದೆ. ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿಯುತ್ತವೆ. ವಯಸ್ಸಾದ ಪ್ಲಾಸ್ಟಿಕ್ ಮುರಿಯಲೇಬೇಕು; ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಈಗ ನನ್ನ ಗಾಡಿಯ ಪ್ರತಿ ಬಾಗಿಲಿನ ತಳದ ತೂತುಗಳೂ ತೆರೆದಿವೆ, ಒಳಮಡಿಕೆಗಳಿಗೆಲ್ಲ ಮೇಣ ಹೊಡೆದಿದ್ದೇನೆ. ಮಳೆ ನಿಂತ ಮೇಲೆ ಬಾಗಿ ನೋಡಿದರೆ ಒಂದೊಂದು ತೂತಿನಿಂದಲೂ ನೀರು ತೊಟ್ಟಿಕ್ಕುವುದು ಕಾಣುತ್ತದೆ.

ವಿರೋಧ: ಹೊಳಪಿನ ಡಬ್ಬಿಯಲ್ಲಿ ಏನಿದೆ ಎಂದು ಮೊದಲು ಓದಿ

ಉಪ್ಪುಕಾಗದ, ಪುಟ್ಟಿ, ತಳದ ತೂತು ಇವುಗಳ ಬಗ್ಗೆ ಮೇಲೆ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಆದರೆ ಅಷ್ಟು ಉದ್ದದ ಬರಹದಲ್ಲಿ ಉಸಿರಿನ ಬಗ್ಗೆ ಒಂದು ಸಾಲೂ ಇಲ್ಲ. ಹೊಸಬರಿಗೆ ಸಲಹೆ ಕೊಡುವ ಬಹುಪಾಲು ಜನ ಇದನ್ನೇ ಬಿಡುತ್ತಾರೆ, ಮತ್ತು ನನ್ನ ವಿರೋಧವೆಲ್ಲ ನಿಂತಿರುವುದು ಇದರ ಮೇಲೆಯೇ.

ಇಂದಿನ ಗಾಡಿಗಳಿಗೆ ಹೊಡೆಯುವ ಗಟ್ಟಿ ಬಣ್ಣ ಮತ್ತು ಅದರ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರವಾದ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಎರಡು ಡಬ್ಬಿಗಳಲ್ಲಿ ಬರುತ್ತವೆ. ಎರಡನೆಯದು ಹಾರ್ಡ್‌ನರ್. ಅದರಲ್ಲಿರುವುದು ಐಸೋಸೈನೇಟ್ ಎಂಬ ರಾಸಾಯನಿಕ. ಬಣ್ಣ ಪೆಟ್ರೋಲಿಗೂ ಬಿಸಿಲಿಗೂ ಜಗ್ಗದಂತೆ ಗಟ್ಟಿಯಾಗುವುದು ಇದರಿಂದಲೇ. ಗನ್ನಿನಿಂದ ಹೊರಬಿದ್ದ ಮಂಜಿನಲ್ಲಿ ಇದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಚರ್ಮದ ಮೂಲಕವೂ ಸೇರುತ್ತದೆ. ಬಣ್ಣ ಹೊಡೆಯುವವರಿಗೆ ಬರುವ ಆಸ್ತಮಾಕ್ಕೆ ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾರಣ. ಒಮ್ಮೆ ದೇಹ ಇದಕ್ಕೆ ತಿರುಗಿಬಿದ್ದರೆ ಆಮೇಲೆ ಅತಿ ಸ್ವಲ್ಪವೂ ಸಾಕು, ಎದೆ ಬಿಗಿಯುತ್ತದೆ. ವಾಸನೆ ನೋಡಿ ಜಾಗ್ರತೆ ವಹಿಸೋಣವೆಂದರೆ ಅದೂ ಆಗದು; ವಾಸನೆ ಗೊತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಅದು ಮಿತಿ ಮೀರಿರುತ್ತದೆ. ಮೂಗನ್ನು ನಂಬಿ ನಾವು ತಂದುಕೊಳ್ಳುವ ಧೈರ್ಯವೆಲ್ಲ ತಿನ್ನರಿನ ವಾಸನೆಯ ಮೇಲೆ ನಿಂತದ್ದು.

ನಾನು ಎರಡು ಗಾಡಿಗಳಿಗೆ ಮನೆಯ ಶೆಡ್ಡಿನಲ್ಲಿ ಹೊಡೆದವನು. ಎರಡನೆಯದಕ್ಕೆ ಕ್ಲಿಯರ್ ಹೊಡೆದ ದಿನ ಸಂಜೆ ಏನೂ ಅನ್ನಿಸಲಿಲ್ಲ. ಮುಖಕ್ಕೆ ಇದ್ದಿಲಿನ ಫಿಲ್ಟರಿನ ಮುಖವಾಡವೂ ಇತ್ತು. ಗಡ್ಡ ಎರಡು ದಿನದ್ದು. ಆ ಕೂದಲಿನ ಸಂದಿನಿಂದಲೇ ಗಾಳಿ ನುಸುಳಿತೆಂದು ಆಮೇಲೆ ತಿಳಿಯಿತು. ನಡುರಾತ್ರಿ ಎದ್ದು ಕೂತೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ಸಿಳ್ಳೆ ಹೊಡೆಯುತ್ತಿತ್ತು. ಬೆಳಗಿನ ಹೊತ್ತಿಗೆ ಇಳಿಯಿತು. ಕೆಲಸ ಮುಗಿದು ಗಂಟೆಗಳ ನಂತರ ಹೀಗಾಗುವುದೇ ಇದರ ಲಕ್ಷಣವೆಂದು ವೈದ್ಯರು ಹೇಳಿದರು. ಅಂದಿನಿಂದ ನಾನು ಗನ್ ಮುಟ್ಟಿಲ್ಲ.

ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದು ಕೊಡುವ ಮುಖವಾಡ, ಮೈತುಂಬ ಉಡುಪು, ಕೈಗವಸು, ಗಾಳಿ ಸೋಸಿ ಹೊರಹಾಕುವ ಕೋಣೆ: ಇದು ಈ ಕೆಲಸಕ್ಕೆ ಬೇಕಾದ ಸಿದ್ಧತೆ. ಒಂದೇ ಗಾಡಿಗಾಗಿ ಇದನ್ನೆಲ್ಲ ಯಾರು ಕೊಳ್ಳುತ್ತಾರೆ? ಕೊಂಡರೂ ಪಕ್ಕದ ಮನೆಯ ಕಿಟಕಿ, ಅಂಗಳದಲ್ಲಿ ಆಡುವ ಮಗು ಇವರಿಗೆ ಮುಖವಾಡ ತೊಡಿಸುವವರು ಯಾರು? ದ್ರಾವಕದ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗುತ್ತದೆ. ಸಾಮಾನ್ಯ ಫ್ಯಾನಿನ ಮೋಟಾರಿನ ಕಿಡಿಯೋ, ಪಕ್ಕದ ಕೋಣೆಯ ಗೀಸರಿನ ಉರಿಯೋ ತಗಲಿದರೆ ಸಾಕು. ಉಜ್ಜುವಾಗಿನ ದೂಳೂ ಕಡೆಗಣಿಸುವಂಥದ್ದಲ್ಲ. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಮತ್ತು ಕ್ರೋಮಿಯಂ ಇರಬಹುದು. ಆ ಬಟ್ಟೆಯಲ್ಲೇ ಒಳಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತೇವೆ.

ಹಾರ್ಡ್‌ನರ್ ಇಲ್ಲದ ಎನಾಮೆಲನ್ನು ರೋಲರಿನಲ್ಲಿ ಬಳಿಯಬಹುದಲ್ಲ ಎನ್ನುವವರಿದ್ದಾರೆ. ಬಳಿಯಬಹುದು. ಐಸೋಸೈನೇಟಿನ ಅಪಾಯ ಅದರಲ್ಲಿಲ್ಲ. ಆದರೆ ಅದು ವಾರಗಟ್ಟಲೆ ಮೆತ್ತಗಿರುತ್ತದೆ, ಉಗುರು ತಗಲಿದರೆ ಗುರುತು ಬೀಳುತ್ತದೆ, ಪೂರ್ತಿ ಗಟ್ಟಿಯಾಗುವ ಮೊದಲೇ ಮುಂದೆಂದೋ ಅದರ ಮೇಲೆ ಒಳ್ಳೆಯ ಬಣ್ಣ ಹೊಡೆಯಹೋದರೆ ಸುಕ್ಕುಗಟ್ಟಿ ಮೇಲೇಳುತ್ತದೆ. ಆಗ ಎಲ್ಲವನ್ನೂ ಲೋಹದವರೆಗೆ ಕೆರೆಯಬೇಕು.

ಇನ್ನು ಜೋಡಣೆ. ಚೀಲ, ಹೆಸರು, ಫೋಟೊ ಎಲ್ಲ ಸರಿ. ಆದರೆ ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ನಡುವೆ ಹೊಸಬರ ಕೈಯಲ್ಲಿ ತಿಂಗಳುಗಳು ಕಳೆಯುತ್ತವೆ. ಮಳೆ ಬರುತ್ತದೆ, ಕೆಲಸದ ಒತ್ತಡ ಬರುತ್ತದೆ, ಬರೀ ಪ್ರೈಮರ್ ಹೊದ್ದ ಗಾಡಿ ತಾಡಪಾಲಿನ ಕೆಳಗೆ ನಿಲ್ಲುತ್ತದೆ. ಪ್ರೈಮರುಗಳಲ್ಲಿ ಹಲವು ತೇವವನ್ನು ತಡೆಯುವುದಿಲ್ಲ, ಹೀರುತ್ತವೆ. ಯಾವ ತುಕ್ಕನ್ನು ತೆಗೆಯಲು ಹೊರಟೆವೋ ಅದು ಕೆಳಗಿನಿಂದ ಮತ್ತೆ ಹುಟ್ಟುತ್ತದೆ.

ಬಾಗಿಲಿನ ಒಳಹಲಗೆಯ ಹಿಂದೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಅಂಟಿಸಿರುತ್ತದೆ. ನೋಡಿದರೆ ಪ್ಯಾಕಿಂಗಿನ ಕವರಿನಂತಿರುವ ಅದನ್ನು ಹೊಸಬರು ಹರಿದು ಎಸೆಯುತ್ತಾರೆ. ನಾನೂ ಮೊದಲ ಗಾಡಿಯಲ್ಲಿ ಎಸೆದೆ. ಒಳಗಿಳಿದ ನೀರನ್ನು ತಳದ ತೂತಿನ ಕಡೆಗೆ ತಿರುಗಿಸುವುದು ಆ ಹಾಳೆಯೇ. ಮುಂದಿನ ಮಳೆಗೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ನಾತ ಹೊಡೆಯಿತು, ಕಾರ್ಪೆಟಿನ ಅಡಿಯ ವೈರಿನ ಜೋಡಣೆಗಳು ಹಸಿರುಗಟ್ಟಿದವು. ಇದು ಬರೀ ತೊಂದರೆ, ಅಪಾಯವಲ್ಲ. ಸೀಟ್ ಬೆಲ್ಟಿನ ಬೋಲ್ಟನ್ನು ಅಂದಾಜಿನಲ್ಲಿ ಬಿಗಿದರೆ ಅಥವಾ ಬ್ಯಾಟರಿ ಕಳಚದೆ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಮುಟ್ಟಿದರೆ ಅದು ಅಪಾಯ. ಅಂಟಿನಿಂದ ಕೂರಿಸಿದ ಮುಂಗಾಜಂತೂ ಛಾವಣಿಯ ಬಲಕ್ಕೂ ಆಸರೆ. ಅದರ ಅಂಚಿನ ತುಕ್ಕನ್ನು ಕೆರೆದು ಗಾಜನ್ನು ವಾಪಸು ಅಂಟಿಸುವುದು ಮೊದಲ ಸಲದ ಕೆಲಸವೇ ಅಲ್ಲ.

ಹಾಗೆಂದು ಗಾಡಿಯನ್ನು ಟೇಪ್ ಅಂಟಿಸುವವರ ಕೈಗೆ ಒಪ್ಪಿಸಿ ಎನ್ನುತ್ತಿಲ್ಲ. ರಬ್ಬರ್ ಕೀಳಿ, ಹಿಡಿಕೆ ಬಿಚ್ಚಿ, ಒದ್ದೆ ಬಟ್ಟೆಯಿಂದ ದೂಳು ಒರೆಸುತ್ತಾ ತುಕ್ಕನ್ನು ನೀವೇ ಕೆರೆಯಿರಿ. ಎಪಾಕ್ಸಿ ಪ್ರೈಮರ್ ಬಳಿಯುವುದು ಕುಂಚದಲ್ಲೂ ಆಗುತ್ತದೆ, ಕಿಟಕಿ ತೆರೆದು, ಕೈಗವಸು ಹಾಕಿ. ಬಾಗಿಲುಗಳನ್ನು ಬಿಚ್ಚಿದ ಸ್ಥಿತಿಯಲ್ಲೇ, ಉಜ್ಜಿ ಸಿದ್ಧ ಮಾಡಿಕೊಂಡು, ಗಾಳಿ ಸೋಸುವ ಬಣ್ಣದ ಕೋಣೆಯಿದ್ದವರಲ್ಲಿಗೆ ಒಯ್ಯಿರಿ. ಕೂಲಿಯ ದೊಡ್ಡ ಪಾಲು ಹೋಗುವುದು ಉಜ್ಜುವ ಗಂಟೆಗಳಿಗೆ. ಅದು ನಿಮ್ಮ ಕೈಯಲ್ಲೇ ಮುಗಿದಿರುತ್ತದೆ. ಗನ್ ಹಿಡಿಯುವ ಮೂರು ಗಂಟೆಯ ಮಟ್ಟಿಗೆ ನೀವು ಹೊರಗೆ, ಬಾಗಿಲಿನಿಂದ ದೂರ ನಿಂತಿರಿ.