ಇಂಜಿನಿಯರಿಂಗ್ ಕೆಲಸಕ್ಕೆ ಕಾಲೇಜಿನ ಹೆಸರು ಮುಖ್ಯವೇ?

ಪರ: ಕಂಪನಿ ಎಲ್ಲ ಕಾಲೇಜಿಗೂ ಬರುವುದಿಲ್ಲ

ಸಿಇಟಿ ಬರೆದವರು ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರಿನ ಆರ್‌ವಿ, ಬಿಎಂಎಸ್, ಯುವಿಸಿಇ ಹೆಸರುಗಳನ್ನು ಜನ ಮೇಲೆ ಹಾಕುವುದು ಸುಮ್ನೆ ಅಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ನಡೆಯುವ ರೀತಿಯೇ ಹಾಗಿದೆ. ಕಂಪನಿಗಳು ಕೆಲವೇ ಕಾಲೇಜುಗಳನ್ನು ಆರಿಸಿಕೊಳ್ಳುತ್ತವೆ. ಜಾಸ್ತಿ ಸಂಬಳ ಕೊಡುವವರು ಮೊದಲು ಅಲ್ಲಿಗೇ ಬರುತ್ತಾರೆ. ಆ ಪಟ್ಟಿಯಲ್ಲಿಲ್ಲದ ಕಾಲೇಜಿನ ಹುಡುಗಿ ಎಷ್ಟೇ ಚೆನ್ನಾಗಿ ಕೋಡ್ ಬರೆದರೂ ಅವಳ ರೆಸ್ಯೂಮೆ ಸಾವಿರಾರು ಅರ್ಜಿಗಳ ನಡುವೆ ಸೇರಿಹೋಗುತ್ತದೆ.

ಇದರ ಪೆಟ್ಟು ಹೆಚ್ಚು ಬೀಳುವುದು ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವವರಿಗೆ. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಚಿಕ್ಕಪ್ಪನೋ ಮಾವನೋ ಇದ್ದರೆ ರೆಫರಲ್, ಅಂದರೆ ಕಂಪನಿಯೊಳಗಿನವರ ಶಿಫಾರಸು, ಸಿಗುತ್ತದೆ. ರಾಯಚೂರು ಕಡೆಯ ರೈತರ ಮಗನಿಗೆ ಯಾರಿದ್ದಾರೆ? ಕಾಲೇಜಿನ ಸೀನಿಯರ್‌ಗಳೇ ಅವನ ಬಳಗ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 1976ರಲ್ಲಿ ಕಾಲೇಜು ಸೇರಿದವರ ಸಂಪಾದನೆಯನ್ನು ಪರಿಶೀಲಿಸಿದಾಗಲೂ, ದೊಡ್ಡ ಕಾಲೇಜಿನಿಂದ ಬಡ ಮನೆಯ ಮಕ್ಕಳಿಗೆ ಲಾಭವಾಗಿದ್ದು ಕಂಡಿತು.

ಹೆಸರಿದ್ದರೆ ಫೀಸೂ ದುಬಾರಿ ಅಂತಲೂ ಅಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಶುರುವಾದ ಯುವಿಸಿಇ ಸರ್ಕಾರಿ ಕಾಲೇಜು. ರ‍್ಯಾಂಕ್ ಇದ್ದರೆ ಅಂಥ ಸೀಟನ್ನು ಬಿಡಲೇಬಾರದು.

ವಿರೋಧ: ಹೆಸರಿಗಾಗಿ ಸಾಲ ಬೇಡ

ಡೇಲ್ ಮತ್ತು ಕ್ರೂಗರ್ ಹೇಳಿದ ಮುಖ್ಯ ವಿಷಯವೇ ಬೇರೆ. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಓದಿದವರು, ಒಟ್ಟಾರೆ ನೋಡಿದರೆ, ಹೆಚ್ಚು ಕಡಿಮೆ ಅಷ್ಟೇ ಸಂಪಾದಿಸುತ್ತಿದ್ದರು. ಅಂದರೆ ಸಾಮರ್ಥ್ಯ ಮೊದಲೇ ಅವರಲ್ಲಿತ್ತು, ಅಲ್ವಾ?

ನಮ್ಮಲ್ಲಿ ನಿಜವಾಗಿ ಕಷ್ಟಕ್ಕೆ ಸಿಕ್ಕುವವರು ಕೌನ್ಸೆಲಿಂಗ್‌ನಲ್ಲಿ ಸೀಟು ಸಿಗದೆ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಹೋಗುವವರು. ಅಪ್ಪ ಅಮ್ಮ ಸೈಟು ಮಾರುತ್ತಾರೆ, ಒಡವೆ ಅಡ ಇಡುತ್ತಾರೆ. ಇದನ್ನು ನೋಡಿದರೆ ಸಂಕಟವಾಗುತ್ತದೆ. ಏಕೆಂದರೆ ಆ ದುಡ್ಡಿಗೆ ಸಿಗುವುದು ಪ್ಲೇಸ್‌ಮೆಂಟ್‌ಗೆ ಕೂರುವ ಅವಕಾಶ ಮಾತ್ರ. ಅಲ್ಲೂ ಆನ್‌ಲೈನ್ ಟೆಸ್ಟ್ ಇದೆ, ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್) ಕಟ್‌ಆಫ್ ಇದೆ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದರೆ ಎಷ್ಟೋ ಕಂಪನಿಗಳು ಒಳಗೇ ಬಿಡುವುದಿಲ್ಲ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿರುವ, ಸ್ವಾಯತ್ತವಲ್ಲದ ಕಾಲೇಜುಗಳಿಗೆಲ್ಲ ಸಿಲಬಸ್ ಒಂದೇ, ಸೆಮಿಸ್ಟರ್ ಪರೀಕ್ಷೆಯೂ ಒಂದೇ. ಟಿಸಿಎಸ್ ಕಂಪನಿಯ ಎನ್‌ಕ್ಯೂಟಿಯಂಥ ನೇಮಕಾತಿ ಪರೀಕ್ಷೆಯನ್ನು ಯಾವ ಕಾಲೇಜಿನವರೂ ಬರೆಯಬಹುದು. ಕೋಡ್ ಹಾಕಿಡುವ ಗಿಟ್‌ಹಬ್ ತಾಣದಲ್ಲಿ ಕೆಲಸ ತೋರಿಸಬಹುದು. ಆಫ್ ಕ್ಯಾಂಪಸ್, ಅಂದರೆ ಕಾಲೇಜಿನ ಹೊರಗೆ ಕೆಲಸ ಹುಡುಕುವ ದಾರಿ ಉದ್ದ, ನಿಜ. ಮೊದಲ ಕೆಲಸಕ್ಕೆ ಆರು ತಿಂಗಳು ಹೆಚ್ಚಿಗೆ ಹಿಡಿಯಬಹುದು. ಆದರೆ ಎರಡನೇ ಕೆಲಸಕ್ಕೆ ಇಂಟರ್‌ವ್ಯೂನಲ್ಲಿ ಕೇಳುವುದು ಹೋದ ಕಂಪನಿಯಲ್ಲಿ ಏನು ಮಾಡಿದಿರಿ ಅಂತ. ಆ ಆರು ತಿಂಗಳನ್ನು ತಪ್ಪಿಸಲು ಮನೆಯವರು ಹತ್ತು ವರ್ಷ ಇಎಂಐ ಕಟ್ಟಬೇಕೇ?